ಡಾಕ್ಟರನ್ನು ಕೇಳಿ: ಊಟಕ್ಕೂ ಶ್ವಾಸಕೋಶದ ಕ್ಯಾನ್ಸರ್‌ಗೂ ಏನು ಸಂಬಂಧ?

ಅಡ್ಮಿನ್: ನಮ್ಮ ಗುಂಪಿನ ಶ್ವಾಸಕೋಶ ತಜ್ಞೆ ಇವತ್ತು ರಾತ್ರಿ 8ರಿಂದ 9ರವರೆಗೆ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಹಾಕಬೇಡಿ.

ತುಮಕೂರು ಸದಸ್ಯ: ನಮಸ್ತೆ ಮೇಡಂ. ರಾತ್ರಿ ಒಂದು ತುಂಡು ಬೆಲ್ಲ ತಿಂದರೆ ಶ್ವಾಸಕೋಶದ ಕೊಳೆ ಹೋಗುತ್ತದೆ ಅಂತಾರೆ. ನಿಜವಾ?

ಡಾಕ್ಟರ್: ನಮಸ್ತೆ. ನಿಜ ಅಲ್ಲ. ತಿಂದ ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಶ್ವಾಸಕೋಶಕ್ಕಲ್ಲ. ಶುಗರ್ ಇಲ್ಲದಿದ್ದರೆ ರುಚಿಗೆ ತಿನ್ನಿ.

ಹಾಸನ ಸದಸ್ಯೆ: ಮೇಡಂ, ನಮ್ಮ ಅಪ್ಪನಿಗೆ 61. ದಿನಕ್ಕೆ ಒಂದು ಕಟ್ಟು ಬೀಡಿ, 30 ವರ್ಷದಿಂದ. ಬಿಡಿ ಅಂದರೆ ಕೇಳುವುದಿಲ್ಲ. ಕ್ಯಾರೆಟ್ ಒಳ್ಳೆಯದು ಅಂತ ಓದಿ ನಾನೇ ಆನ್‌ಲೈನ್‌ನಲ್ಲಿ ಅದರಲ್ಲಿರುವ ಬೀಟಾ ಕ್ಯಾರೋಟಿನ್‌ನ ಮಾತ್ರೆ ತರಿಸಿಕೊಟ್ಟೆ. ನಾಲ್ಕು ತಿಂಗಳಾಯಿತು. ಕೆಮ್ಮು ಮಾತ್ರ ನಿಂತಿಲ್ಲ. ಡೋಸ್ ಜಾಸ್ತಿ ಮಾಡಬಹುದಾ?

ಡಾಕ್ಟರ್: ಡಬ್ಬಿ ಮೇಲೆ ಎಷ್ಟು ಮಿಲಿಗ್ರಾಂ ಅಂತ ಇದೆ? ಕೆಮ್ಮು ಎಷ್ಟು ದಿನದಿಂದ?

ಹಾಸನ ಸದಸ್ಯೆ: 15 ಮಿಲಿಗ್ರಾಂ. ಬೆಳಗ್ಗೆ ಒಂದು, ರಾತ್ರಿ ಒಂದು. ಕೆಮ್ಮು ಎರಡು ತಿಂಗಳಿಂದ.

ಡಾಕ್ಟರ್: ಆ ಮಾತ್ರೆ ಇವತ್ತೇ ನಿಲ್ಲಿಸಿ, ಅಮ್ಮ. ಯಾಕೆ ಅಂತ ಹೇಳುತ್ತೇನೆ, ನಿಧಾನವಾಗಿ ಓದಿ. ಹಣ್ಣು ತರಕಾರಿ ಚೆನ್ನಾಗಿ ತಿನ್ನುವವರಲ್ಲಿ ಈ ಕ್ಯಾನ್ಸರ್ ಸ್ವಲ್ಪ ಕಡಿಮೆ ಕಾಣುತ್ತಿತ್ತು. ಅದರೊಳಗಿನ ಕ್ಯಾರೋಟಿನ್ನೇ ಕಾಪಾಡುತ್ತಿರಬೇಕು ಅಂದುಕೊಂಡು ಮಾತ್ರೆ ಮಾಡಿ ಪರೀಕ್ಷಿಸಿದರು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರು ಆ ಪ್ರಯೋಗದಲ್ಲಿದ್ದರು. ಡೋಸ್ ದಿನಕ್ಕೆ 20 ಮಿಲಿಗ್ರಾಂ. 1994ರಲ್ಲಿ ಫಲಿತಾಂಶ ಬಂತು. ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಜಾಸ್ತಿ ಆಗಿತ್ತು. ಅಮೆರಿಕದಲ್ಲಿ ಸೇದುವವರಿಗೆ, ಸೇದಿ ಬಿಟ್ಟವರಿಗೆ, ಕಲ್ನಾರಿನ (ಆಸ್ಬೆಸ್ಟಾಸ್) ಕೆಲಸ ಮಾಡಿದವರಿಗೆ ದಿನಕ್ಕೆ 30 ಮಿಲಿಗ್ರಾಂ ಕೊಟ್ಟರು, ಜೊತೆಗೆ ವಿಟಮಿನ್ ಎ. ಅಲ್ಲಿ ಶೇ. 28 ಜಾಸ್ತಿ. 1996ರ ಜನವರಿಯಲ್ಲಿ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ನಿಮ್ಮ ತಂದೆ ತೆಗೆದುಕೊಳ್ಳುತ್ತಿರುವುದೂ ಅದೇ 30.

ಕ್ಯಾರೆಟ್ ಪಲ್ಯ, ಕುಂಬಳಕಾಯಿ ಹುಳಿ, ಸೊಪ್ಪಿನ ಸಾರು ಎಷ್ಟು ಬೇಕಾದರೂ ಕೊಡಿ. ಅದಕ್ಕೆ ಭಯವಿಲ್ಲ. ಸೇದುವವರಿಗೆ ಮಾತ್ರೆ ಬೇಡ. ನೀವು ಅಕ್ಕರೆಯಿಂದ ಕೊಟ್ಟಿದ್ದೀರಿ, ಅದಕ್ಕೆ ನೊಂದುಕೊಳ್ಳಬೇಡಿ. ಈಗ ನನಗೆ ಮಾತ್ರೆಗಿಂತ ಆ ಕೆಮ್ಮಿನದೇ ಚಿಂತೆ. ಕಫದಲ್ಲಿ ರಕ್ತ ಕಂಡಿದೆಯಾ? ತೂಕ ಇಳಿದಿದೆಯಾ? ಧ್ವನಿ?

ದಾವಣಗೆರೆ ಸದಸ್ಯ: ನಮ್ಮ ಅಜ್ಜ ಬೀಡಿ ಸೇದಿಕೊಂಡೇ 90 ದಾಟಿದರು. ಸುಮ್ನೆ ಹೆದರಿಸಬೇಡಿ.

ಉಡುಪಿ ಸದಸ್ಯ: ಸಸ್ಯಾಹಾರಿಗಳಿಗೆ ಇದೆಲ್ಲ ಬರುವುದಿಲ್ಲ. ಮಾಂಸ ಬಿಟ್ಟರೆ ಸಾಕು.

ದಾವಣಗೆರೆ ಸದಸ್ಯ: ಶುರುವಾಯಿತು ನೋಡಿ. ನಮ್ಮ ತಟ್ಟೆಗೆ ಕೈ ಹಾಕದೆ ನಿಮಗೆ ನಿದ್ದೆ ಬರಲ್ಲ ಅಲ್ವಾ?

ಉಡುಪಿ ಸದಸ್ಯ: ಇದ್ದದ್ದು ಹೇಳಿದರೆ ಉರಿ.

ಡಾಕ್ಟರ್: ಇಬ್ಬರೂ ತಪ್ಪು. ಒಬ್ಬ ಅಜ್ಜ ಉಳಿದ ಮಾತ್ರಕ್ಕೆ ಬೀಡಿ ಒಳ್ಳೆಯದಾಗುವುದಿಲ್ಲ. ಮಾಂಸ ಮುಟ್ಟದ, ಬೀಡಿ ಮುಟ್ಟದ ಹೆಂಗಸರಿಗೂ ನಾನೇ ಚಿಕಿತ್ಸೆ ಕೊಟ್ಟಿದ್ದೇನೆ.

ಸಿರಸಿ ಸದಸ್ಯೆ: ಹಾಗಾದರೆ ಅಡುಗೆಮನೆ ಹೊಗೆ? ನಮ್ಮದು ಇನ್ನೂ ಕಟ್ಟಿಗೆ ಒಲೆ.

ಡಾಕ್ಟರ್: ಒಳ್ಳೆಯ ಪ್ರಶ್ನೆ. ಕಟ್ಟಿಗೆ ಹೊಗೆಯಿಂದಲೂ, ಕರಿಯುವ ಎಣ್ಣೆ ಹೊಗೆಯಾಡುವಷ್ಟು ಕಾಯಿಸಿದಾಗ ಬರುವ ಹೊಗೆಯಿಂದಲೂ ಕ್ಯಾನ್ಸರ್ ಬರುವ ಸಾಧ್ಯತೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. ಗ್ಯಾಸಿಗೆ ಬದಲಾಯಿಸಿ. ಆಗದಿದ್ದರೆ ಒಲೆ ಮೇಲೆ ಹೊಗೆ ಗೂಡು ಇರಲಿ, ಕಿಟಕಿ ತೆರೆದಿರಲಿ.

ಮಂಡ್ಯ ಸದಸ್ಯ: ಮೇಡಂ, ಬೆಲ್ಲ ತಿಂದರೆ ಶ್ವಾಸಕೋಶ ಕ್ಲೀನ್ ಆಗುತ್ತಾ?

ಡಾಕ್ಟರ್: ಮೇಲೆ ಓದಿ.

ರಾಯಚೂರು ಸದಸ್ಯ: ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಆರ್ಸೆನಿಕ್ ಇದೆ ಅಂತಾರೆ. ಕುದಿಸಿ ಕುಡಿದರೆ ಸಾಕಾ?

ಡಾಕ್ಟರ್: ಸಾಕಾಗಲ್ಲ. ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಶ್ವಾಸಕೋಶದ ಕ್ಯಾನ್ಸರ್ ಬರುವ ಅಪಾಯ ಹೆಚ್ಚುತ್ತದೆ, ಇದು ಖಚಿತ. ನೀರು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕುಡಿಯುವುದಕ್ಕೂ ಅಡುಗೆಗೂ ಬೇರೆ ನೀರು ಬಳಸಿ.

ಮೈಸೂರು ಸದಸ್ಯೆ: ದಿನಕ್ಕೆ ಮೂರು ಫಿಲ್ಟರ್ ಕಾಫಿ ಕುಡಿಯುತ್ತೇನೆ, ತೊಂದರೆ ಇದೆಯಾ?

ಕೋಲಾರ ಸದಸ್ಯ: ಇದನ್ನು ಎಲ್ಲರಿಗೂ ಕಳಿಸಿ! ಅರಿಶಿನ, ಶುಂಠಿ, ಈರುಳ್ಳಿ ಕಷಾಯ ಮೂರೇ ದಿನ ಕುಡಿದರೆ ಸಿಗರೇಟಿನ ಟಾರ್ ಪೂರ್ತಿ ಹೊರಗೆ.

ಡಾಕ್ಟರ್: ಅಳಿಸಿ. ದಯವಿಟ್ಟು ಅಂತ ಹೇಳುವ ತಾಳ್ಮೆ ನನಗೆ ಈಗ ಇಲ್ಲ. ಇಂಥದೇ ಕಷಾಯ ಕುಡಿಯುತ್ತಾ ನಾಲ್ಕು ತಿಂಗಳು ಮನೆಯಲ್ಲೇ ಇದ್ದವರೊಬ್ಬರು ನನ್ನ ಹತ್ತಿರ ಬಂದಾಗ ಆಪರೇಷನ್ ಮಾಡುವ ಕಾಲ ಮೀರಿತ್ತು.

ಕೋಲಾರ ಸದಸ್ಯ: ನಿಮಗೆ ಔಷಧಿ ಕಂಪನಿ ಕೊಡುತ್ತೆ, ಅದಕ್ಕೇ ಹೀಗೆ.

ಸಿರಸಿ ಸದಸ್ಯೆ: ಏನ್ರೀ ಮಾತು ಇದು? ಒಂದು ರೂಪಾಯಿ ತಗೊಳ್ಳದೆ ಕೂತಿದ್ದಾರೆ ಅವರು.

ಹಾಸನ ಸದಸ್ಯೆ: ಮೇಡಂ, ಈಗ ಅಪ್ಪನನ್ನು ಕೇಳಿದೆ. ರಕ್ತ ಇಲ್ಲವಂತೆ. ಧ್ವನಿ ಒಡೆದಿದೆ, ನಾವು ಶೀತ ಅಂದುಕೊಂಡಿದ್ದೆವು. ಬೆಲ್ಟಿಗೆ ಅವರೇ ಮೊಳೆಯಿಂದ ಎರಡು ತೂತು ಹೊಸದಾಗಿ ಮಾಡಿಕೊಂಡಿದ್ದಾರೆ. ನಾನು ನೋಡಿಯೇ ಇರಲಿಲ್ಲ.

ಡಾಕ್ಟರ್: ನಾಳೆಯೇ ಎದೆಯ ಎಕ್ಸ್‌ರೇ ಮಾಡಿಸಿ. ಟಿಬಿಗೆ ಕಫ ಪರೀಕ್ಷೆಯೂ ಆಗಲಿ. ಎಕ್ಸ್‌ರೇಯಲ್ಲಿ ನೆರಳು ಕಂಡ ಮಾತ್ರಕ್ಕೆ ಟಿಬಿ ಮಾತ್ರೆ ಶುರು ಮಾಡಿ ಎರಡು ತಿಂಗಳು ಕಾಯುವುದು ಬೇಡ. ಕಫದಲ್ಲಿ ಟಿಬಿ ಸಿಗದಿದ್ದರೆ ಸಿಟಿ ಸ್ಕ್ಯಾನ್ ಕೇಳಿ. ಎಕ್ಸ್‌ರೇ ಚೆನ್ನಾಗಿದೆ ಅಂದರೂ ಈ ಧ್ವನಿ, ಈ ತೂಕಕ್ಕೆ ಸಿಟಿ ಬೇಕೇ ಬೇಕು.

ಚಿತ್ರದುರ್ಗ ಸದಸ್ಯ: ಬೆಲ್ಲ ಕಪ್ಪು ಇರಬೇಕಾ, ಬಿಳಿ ಆದರೂ ಆಗುತ್ತಾ?

ಅಡ್ಮಿನ್: ಬೆಲ್ಲದ ಪ್ರಶ್ನೆ ಇನ್ನು ಯಾರು ಹಾಕಿದರೂ ತೆಗೆಯುತ್ತೇನೆ.

ಹಾಸನ ಸದಸ್ಯೆ: ಅಪ್ಪ ಒಪ್ಪಿದರು. ಬೆಳಗ್ಗೆ ಆರರ ಬಸ್ಸು. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ?

ಡಾಕ್ಟರ್: ಬೇಡ, ತಿಂಡಿ ತಿನ್ನಿಸಿ ಕರೆದುಕೊಂಡು ಹೋಗಿ. ಮಾತ್ರೆ ಡಬ್ಬಿ ತೋರಿಸಿ. ಹಳೆಯ ಎಕ್ಸ್‌ರೇ ಏನಾದರೂ ಮನೆಯಲ್ಲಿದ್ದರೆ ಈಗಲೇ ಹುಡುಕಿಡಿ. ರಿಪೋರ್ಟು ಇಲ್ಲಿ ಹಾಕಬೇಡಿ, ನನಗೊಬ್ಬಳಿಗೇ ಕಳಿಸಿ.