ಅಪ್‌ಡೇಟ್: ತಪ್ಪಿದ ಭಾನುವಾರದ ಡೋಸ್ ಮತ್ತು ಕಲಬುರಗಿಯ ಬಿಸಿಲು

ಅಕ್ಕನ ಮಗಳ ಮದುವೆಗೆಂದು ಬೀದರಿಗೆ ಹೋದಾಗ ಭಾನುವಾರದ ಟಿರ್ಜೆಪಟೈಡ್ (ಮಧುಮೇಹಕ್ಕೂ ತೂಕ ಇಳಿಕೆಗೂ ವಾರಕ್ಕೊಮ್ಮೆ ಕೊಡುವ ಔಷಧ) ಚುಚ್ಚುಮದ್ದನ್ನು ಮರೆತೆನೆಂದೂ, ಮುಂದಿನ ವಾರ ಎರಡು ಡೋಸ್ ಒಟ್ಟಿಗೆ ತೆಗೆದುಕೊಳ್ಳಬಹುದೇ ಎಂದೂ ಕಳೆದ ತಿಂಗಳು ಕೇಳಿದ್ದೆ. ಹಾಗೆ ಮಾಡಲೇಬೇಡಿ ಎಂದು ತಡೆದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ವೈದ್ಯರು ಹೇಳಿದ್ದೂ ಅದನ್ನೇ: ತಪ್ಪಿದ ಡೋಸ್ 4 ದಿನಗಳೊಳಗೆ ನೆನಪಾದರೆ ತೆಗೆದುಕೊಳ್ಳಬೇಕು, ಅದು ಮೀರಿದರೆ ಬಿಟ್ಟು ನಿಗದಿತ ದಿನಕ್ಕೆ ಕಾಯಬೇಕು, ಎರಡು ಡೋಸ್‌ಗಳ ನಡುವೆ ಕನಿಷ್ಠ 3 ದಿನಗಳ ಅಂತರವಿರಬೇಕು. ನಾನು ಬುಧವಾರ ಬೆಳಿಗ್ಗೆ ತೆಗೆದುಕೊಂಡು, ಭಾನುವಾರದಿಂದ ಹಳೆಯ ಕ್ರಮಕ್ಕೆ ಮರಳಿದೆ.

ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಬಾರದಾದ್ದರಿಂದ, ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರದ ಚೌಕದೊಳಗೆ ‘ಹೊಟ್ಟೆ ಎಡ’, ‘ತೊಡೆ ಬಲ’ ಎಂದು ಪೆನ್ಸಿಲಿನಲ್ಲಿ ಬರೆದಿಡುತ್ತೇನೆ.

ನನ್ನನ್ನು ನಿಜವಾಗಿ ಕಾಡಿದ್ದು ಬಿಸಿಲು. ಔಷಧವನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಹೊರಗೆ ಕೆಲವು ದಿನ ಇಡಬಹುದಾದರೂ 30 ಡಿಗ್ರಿ ಮೀರುವಂತಿಲ್ಲ, ನಮ್ಮೂರಿನ ಬೇಸಿಗೆಯೋ 40 ದಾಟುತ್ತದೆ. ಹೆಪ್ಪುಗಟ್ಟಿದ ಔಷಧವನ್ನೂ ಬಳಸಬಾರದು. ಆದ್ದರಿಂದ ಪೆಟ್ಟಿಗೆಯನ್ನು ಫ್ರೀಜರಿನಿಂದ ದೂರ, ಮಧ್ಯದ ತಟ್ಟೆಯಲ್ಲಿ ಒಂದು ಚಿಕ್ಕ ಥರ್ಮಾಮೀಟರಿನ ಪಕ್ಕ ಇಟ್ಟಿದ್ದೇನೆ.

ವಾಕರಿಕೆ ಇನ್ನೂ ಪೂರ್ತಿ ಹೋಗಿಲ್ಲ. ಚುಚ್ಚಿಕೊಂಡ ಮರುದಿನ ಎಣ್ಣೆಗಾಯಿ ಬಿಟ್ಟು, ಒಂದೇ ಜೋಳದ ರೊಟ್ಟಿಯನ್ನು ಬೇಳೆಯೊಂದಿಗೆ ನಿಧಾನವಾಗಿ ತಿಂದರೆ ತಡೆಯುತ್ತದೆ. ಬಳಸಿದ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದೇನೆ. ಕಸ ಒಯ್ಯುವ ಪೌರಕಾರ್ಮಿಕರ ಕೈಗೆ ಅವು ಚುಚ್ಚಬಾರದು.