ರಬ್ಬರ್ ವೇಷವೆಂದು ಗೊತ್ತಿದ್ದೂ ಮೈ ಜುಮ್ಮೆನ್ನುವುದೇಕೆ?

ಪ್ರಶ್ನೆ

ಕಡಿಮೆ ಬಂಡವಾಳದ ಭಯಾನಕ ಚಿತ್ರಗಳನ್ನು, ಅದರಲ್ಲೂ ಜೌಗಿನಿಂದಲೋ ಕಡಲಿನಿಂದಲೋ ವಿಚಿತ್ರ ಜೀವಿಯೊಂದು ಎದ್ದು ಬರುವಂಥವನ್ನು, ನಾನು ಕೆಲವು ತಿಂಗಳುಗಳಿಂದ ಹುಡುಕಿ ಹುಡುಕಿ ನೋಡುತ್ತಿದ್ದೇನೆ. ಒಳಗೆ ಮನುಷ್ಯನಿದ್ದಾನೆಂಬುದು ಮೊದಲ ನೋಟಕ್ಕೇ ತಿಳಿಯುತ್ತದೆ. ಎಷ್ಟೋ ಸಲ ವೇಷದ ಹೊಲಿಗೆಯೂ ಕಾಣುತ್ತದೆ. ಆದರೂ ಕೋಟಿಗಟ್ಟಲೆ ಸುರಿದು ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಪ್ರಾಣಿಗಳು ಮರುದಿನವೇ ಮರೆತುಹೋಗುವಾಗ ಇವು ಮಾತ್ರ ಮನಸ್ಸಿನಲ್ಲಿ ಉಳಿದುಬಿಡುತ್ತವೆ. ಇದು ಹಳೆಯದರ ಮೇಲಿನ ಮೋಹವಷ್ಟೇ ಆಗಿದೆಯೇ, ಅಥವಾ ಹಣದ ಕೊರತೆಗೂ ಈ ಸೊಗಸಿಗೂ ನಿಜವಾದ ನಂಟಿದೆಯೇ? ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ 1

ನಂಟು ಖಂಡಿತ ಇದೆ. ಚಿರತೆಯಾಗಿ ಬದಲಾಗುವ ಹೆಂಗಸಿನ ಕತೆಯುಳ್ಳ 1942ರ 'ಕ್ಯಾಟ್ ಪೀಪಲ್' ನೋಡಿ. ನಿರ್ಮಾಪಕ ವ್ಯಾಲ್ ಲ್ಯೂಟನ್ ಅವರ ಕೈಗೆ ಆರ್‌ಕೆಓ ಸಂಸ್ಥೆ ಕೊಟ್ಟದ್ದು ಒಂದು ಶೀರ್ಷಿಕೆ ಮತ್ತು ಬಿಗಿಯಾದ ಬಜೆಟ್. ನಿರ್ದೇಶಕ ಜಾಕ್ ಟೂರ್ನರ್ ಅವರು ಈಜುಕೊಳದ ದೃಶ್ಯದಲ್ಲಿ ಏನು ಮಾಡಿದ್ದಾರೆಂಬುದನ್ನು ಗಮನಿಸಬೇಕು: ಕತ್ತಲ ಕೊಳದ ನಡುವೆ ಒಬ್ಬಳೇ ಹೆಂಗಸು, ಗೋಡೆಯ ಮೇಲೆ ಅಲುಗುವ ನೀರಿನ ಬೆಳಕು, ಅದರೊಳಗೆ ಸರಿದಾಡುವ ಒಂದು ನೆರಳು, ನಾಲ್ಕೂ ಗೋಡೆಗಳಿಗೆ ಬಡಿದು ಮರಳುವ ಒಂದು ಗುರುಗುಟ್ಟುವಿಕೆ. ಪ್ರಾಣಿ ಎಲ್ಲಿದೆಯೆಂದು ಅವಳಿಗೂ ತಿಳಿಯದು, ನಮಗೂ ತಿಳಿಯದು. ಅದೇ ಚಿತ್ರದಲ್ಲಿ ಕತ್ತಲ ಬೀದಿಯಲ್ಲಿ ನಡೆಯುವವಳ ಪಕ್ಕಕ್ಕೆ ಬಸ್ಸೊಂದು ಬಂದು ನಿಲ್ಲುವಾಗ ಅದರ ಬ್ರೇಕಿನ ಸದ್ದೇ ಚಿರತೆಯ ಬುಸುಗುಟ್ಟುವಿಕೆಯಾಗಿ ಕೇಳಿಸುತ್ತದೆ. ತೋರಿಸಲು ಹಣವಿಲ್ಲದಿದ್ದಾಗ ಏನನ್ನು, ಯಾವಾಗ, ಎಷ್ಟು ತೋರಿಸಬೇಕೆಂದು ಯೋಚಿಸಲೇಬೇಕಾಗುತ್ತದೆ. ಹಣ ಧಾರಾಳವಾಗಿದ್ದವರಿಗೆ ಆ ಯೋಚನೆಯ ಒತ್ತಡವೇ ಇರುವುದಿಲ್ಲ.

ಉತ್ತರ 2

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅದು ಅರ್ಧ ಮಾತು. ಮರೆಮಾಚಿದ್ದರಿಂದ ಹುಟ್ಟುವ ಭಯ ಒಂದು ಬಗೆಯದಾದರೆ, ಬೆಳಕಿಗೆ ತಂದು ನಿಲ್ಲಿಸಿದ ಪ್ರಾಣಿಯ ಮೇಲೆ ಹುಟ್ಟುವ ಮಮತೆ ಬೇರೆಯೇ ಬಗೆಯದು, ಮತ್ತು ಪ್ರಶ್ನೆ ಕೇಳಿದವರ ಕುತೂಹಲ ಇರುವುದು ಅದರ ಬಗ್ಗೆ ಎಂದು ನನ್ನ ಭಾವನೆ. 1955ರ 'ಇಟ್ ಕೇಮ್ ಫ್ರಮ್ ಬಿನೀತ್ ದ ಸೀ' ಚಿತ್ರದಲ್ಲಿ, ಗೊಂಬೆಗಳನ್ನು ಪರದೆಯ ಮೇಲೆ ಚಲಿಸುವಂತೆ ಮಾಡುತ್ತಿದ್ದ ಕುಶಲಕರ್ಮಿ ರೇ ಹ್ಯಾರಿಹೌಸೆನ್ ಅವರ ಆಕ್ಟೋಪಸ್‌ಗೆ ಎಂಟು ಬಾಹುಗಳಿಲ್ಲ, ಆರೇ ಇವೆ. ಒಂದೊಂದು ಫ್ರೇಮಿಗೂ ಒಂದೊಂದು ಬಾಹುವನ್ನು ಕೈಯಿಂದ ಕೂದಲೆಳೆಯಷ್ಟು ಸರಿಸಿ ಚಿತ್ರಿಸಬೇಕಾದ ಕೆಲಸದಲ್ಲಿ ಎರಡು ಬಾಹು ಬಿಟ್ಟರೆ ಎಷ್ಟು ಸಮಯ, ಎಷ್ಟು ಹಣ ಉಳಿಯಿತೆಂದು ಲೆಕ್ಕ ಹಾಕಿ. 1958ರ 'ದ ಬ್ಲಾಬ್' ಚಿತ್ರದ ರಾಕ್ಷಸ ಮುದ್ದೆ ಕೆಂಪು ಬಣ್ಣ ಬೆರೆಸಿದ ಸಿಲಿಕೋನ್ ಅಷ್ಟೇ, ಆದರೆ ಅದು ನಿಜವಾಗಿಯೂ ಜಿಗುಟಾಗಿ, ನಿಧಾನವಾಗಿ, ತನ್ನದೇ ಭಾರದಿಂದ ಹರಿಯುತ್ತದೆ.

ಗೆಳೆಯರ ಕಿರುಚಿತ್ರವೊಂದಕ್ಕೆ ನಾನೂ ಒಮ್ಮೆ ಲೇಟೆಕ್ಸ್ ಮುಖವಾಡ ಮಾಡಿದ್ದೆ. ಒಣಗಿದ ಮೇಲೆ ದೀಪದ ಕೆಳಗಿಟ್ಟರೆ ಅದು ಬರಿಯ ರಬ್ಬರಾಗಿಯೇ ಕಂಡಿತು, ಎದೆ ಒಡೆದುಹೋಯಿತು. ಮಿಥೈಲ್ ಸೆಲ್ಯುಲೋಸ್ ಪುಡಿಯನ್ನು ನೀರಿನಲ್ಲಿ ಕಲಸಿ, ಆ ಲೋಳೆಯನ್ನು ಅದರ ಮೇಲೆ ಸವರಿ, ದೀಪವನ್ನು ಹಿಂಬದಿಗೆ ಸರಿಸಿದೆವು. ಸುಕ್ಕುಗಳ ಅಂಚಿನಲ್ಲೆಲ್ಲ ತೇವದ ಹೊಳಪು ಮೂಡಿ, ಅದೇ ರಬ್ಬರು ಚರ್ಮವಾಯಿತು. ಅದನ್ನು ಮಾಡಿದ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ಅಂದಿನಿಂದ ಇಂಥ ಚಿತ್ರ ನೋಡುವಾಗಲೆಲ್ಲ, ಆ ಪ್ರಾಣಿಯನ್ನು ಯಾರೋ ರಾತ್ರಿಯೆಲ್ಲ ಕೂತು ಮಾಡಿದ್ದಾರೆಂಬ ಅರಿವು ನನ್ನನ್ನು ಬಿಡುವುದಿಲ್ಲ.

ಉತ್ತರ 3

ಒಂದು ಎಚ್ಚರಿಕೆಯ ಮಾತು. ಅಗ್ಗವಾಗಿದೆ ಎಂಬುದೇ ಗುಣವಲ್ಲ. ಈ ವರ್ಗದ ಬಹುಪಾಲು ಚಿತ್ರಗಳಲ್ಲಿ ಪ್ರಾಣಿ ಬರುವುದು ಐದೇ ನಿಮಿಷ, ಉಳಿದದ್ದೆಲ್ಲ ಕೋಣೆಯೊಳಗಿನ ಮಾತು. ಅವು ಬೇಸರ ತರಿಸುತ್ತವೆ ಎಂದು ಒಪ್ಪಿಕೊಳ್ಳಬೇಕು. ಇನ್ನು, ನಗಿಸಲೆಂದೇ ಕೆಟ್ಟದಾಗಿ ಮಾಡಿದ ಇತ್ತೀಚಿನ ಚಿತ್ರಗಳಲ್ಲಿ ಆ ಸೊಗಸು ನನಗಂತೂ ಒಮ್ಮೆಯೂ ಸಿಕ್ಕಿಲ್ಲ. 1953ರ 'ರೋಬೋಟ್ ಮಾನ್‌ಸ್ಟರ್' ಚಿತ್ರದಲ್ಲಿ ಗೊರಿಲ್ಲಾ ವೇಷದ ಮೇಲೆ ಶಿರಸ್ತ್ರಾಣ ಕೂರಿಸಿ ಅನ್ಯಗ್ರಹದ ಜೀವಿಯೆಂದು ತೋರಿಸಿದ್ದಾರೆ. ಆದರೆ ಆ ತಂಡ ಅದನ್ನು ಗಂಭೀರವಾಗಿ ನಂಬಿತ್ತು, ಆ ನಂಬಿಕೆ ಪರದೆಯ ಮೇಲೆ ಕಾಣುತ್ತದೆ. ಹಾಗೆಯೇ ಕಂಪ್ಯೂಟರನ್ನು ದೂರುವುದೂ ಸರಿಯಲ್ಲ. 2010ರ 'ಮಾನ್‌ಸ್ಟರ್ಸ್' ಚಿತ್ರದ ಗ್ರಾಫಿಕ್ಸನ್ನು ನಿರ್ದೇಶಕ ಗ್ಯಾರೆತ್ ಎಡ್ವರ್ಡ್ಸ್ ಅವರು ತಾವೇ ಕಂಪ್ಯೂಟರಿನ ಮುಂದೆ ಕೂತು ಮಾಡಿದರು, ಅಲ್ಲಿಯೂ ಒಬ್ಬನ ಕೈಕೆಲಸದ ಗುರುತು ಎದ್ದು ಕಾಣುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಆ ಆಕ್ಟೋಪಸ್ ಚಿತ್ರವನ್ನು ಮತ್ತೊಮ್ಮೆ ಹಾಕಿ, ಅದು ಸೇತುವೆಯನ್ನು ತಬ್ಬುವ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ಎಣಿಸಿದೆ. ಆರಕ್ಕಿಂತ ಹೆಚ್ಚು ಬಾಹುಗಳು ಎಲ್ಲಿಯೂ ಸಿಗಲಿಲ್ಲ. ಆಮೇಲೆ ಅದೇ ದೃಶ್ಯವನ್ನು ನಿಲ್ಲಿಸದೆ ನೋಡಿದೆ. ಗೊತ್ತಿದ್ದೂ, ಎಂಟು ಇವೆಯೆಂದೇ ಅನ್ನಿಸಿತು.