ಕೇಪು ಸಿಡಿಯುತ್ತೆ, ಈಡು ಹಾರಲ್ಲ: ಏನ್ ಮಾಡೋದು?

ಪಾವಗಡ_ಕಳ್ಳೆಕಾಯಿ:
ನಳಿಗೆ ಬಾಯಿಂದ ಮದ್ದು ತುಂಬೋ ಹಳೇ ಕೇಪಿನ ಕೋವಿ ನಂದು, ತಲೆ ಕೆಟ್ಟೋಗಿದೆ. ಕುದುರೆ (ಕೇಪಿಗೆ ಹೊಡೆಯೋ ಸುತ್ತಿಗೆ) ಬೀಳುತ್ತೆ, ಕೇಪು (ಕಿಡಿ ಕೊಡೋ ಪುಟ್ಟ ಟೋಪಿ) ಪಟ್ ಅನ್ನುತ್ತೆ, ಅಷ್ಟೇ, ಒಳಗೆ ತುಂಬಿದ ಈಡು ಹೊತ್ತಲ್ಲ. ಅತ್ತ ಹಂದಿ ಹಿಂಡು ಹೊಲಾನ ನೇಗಿಲು ಹೊಡೆದಂಗೆ ಮಗುಚಿ ಹಾಕಿದೆ. ಮದ್ದು ಹೊಸದು. ಬೇಗ ಹೇಳ್ರಪ್ಪಾ.

ಸಿರಾ_ಗಜಕಡ್ಡಿ:
ಕೇಪಿನ ನಂಬರ್ (ಸೈಜು) ಎಷ್ಟು? 10 ಆ, 11 ಆ? ಮುಕ್ಕಾಲು ಪಾಲು ಇದೇ ರೋಗ. ಬಿಗಿಯಾಗಿ ಕೂರದಿದ್ರೆ ಕುದುರೆ ಏಟು ಕೇಪನ್ನ ಕೂರಿಸೋಕೇ ಖರ್ಚಾಗುತ್ತೆ.

ಚಿಂತಾಮಣಿ_ಟೊಮೇಟೊ:
ಅಣ್ಣಾ, ಕೇಪು ಸಿಡೀತಿದೆ ಅಂತ ಬರ್ದಿದಾರಲ್ಲ! ಕಿಡಿ ಮದ್ದಿನ ತನಕ ಹೋಗ್ತಿಲ್ಲ. ಕೇಪು ಕೂರೋ ಮೊಳಕೆ ಇದೆಯಲ್ಲ, ಆ ನಿಪ್ಪಲ್ ತೂತು ಕಟ್ಟಿರುತ್ತೆ.

ಸಿರಾ_ಗಜಕಡ್ಡಿ:
ಸಡಿಲ ಇದ್ರೆ ಕಿಡಿ ಪಕ್ಕಕ್ಕೆ ಹಾರುತ್ತೆ. ತಾತನ ಕಾಲದಿಂದ ಮನೇಲಿ ಕೇಪಿನ ಕೋವಿ ಇದೆ, ನಂಗೆ ಹೇಳ್ಕೊಡ್ಬೇಡಿ. ನಂಬರ್ ಹೇಳಿ ಸ್ವಾಮಿ.

ಕೋಲಾರ_ಟಾರ್ಗೆಟ್:
ಅಮೆರಿಕದಲ್ಲಿರೋ ನಮ್ಮ ಭಾವನ ಹತ್ರ ನಾರ್ತ್ ಅಮೆರಿಕನ್ ಆರ್ಮ್ಸ್‌ನವರ .22 ಕ್ಯಾಪ್ ಅಂಡ್ ಬಾಲ್ ರಿವಾಲ್ವರ್ ಇದೆ. ಅಂಗೈಯಲ್ಲಿ ಮುಚ್ಚಿಟ್ಕೋಬಹುದು, ಆದ್ರೂ 5 ಈಡು! ಸಿಲಿಂಡರ್ ಹೊರಗೆ ತೆಗೆದು ಮದ್ದು ತುಂಬ್ಬೇಕು. ಅದಕ್ಕೂ 11ನೇ ನಂಬರೇ. ಅಲ್ಲಿನ ಕೇಂದ್ರ ಕಾನೂನಲ್ಲಿ ಇಂಥ ಹಳೇ ಮಾದರೀನ ಬಂದೂಕು ಅಂತಲೇ ಲೆಕ್ಕ ಹಾಕಲ್ಲ.

ಚಿಂತಾಮಣಿ_ಟೊಮೇಟೊ:
ಇಲ್ಲಿ ಅಜ್ಜನ ಕೇಪಿನ ಕೋವಿಗೂ ಲೈಸೆನ್ಸ್ ಬೇಕು ಗುರುವೇ. ಭಾವನ ಕಥೆ ಬೇರೆ ಕಡೆ ಹಾಕಿ.

ಗುಬ್ಬಿ_ತೆಂಗು:
ಹಂದಿಗೆ ಗುಂಡು ಹೊಡೀತೀರಾ? 1972ರ ವನ್ಯಜೀವಿ ಕಾಯ್ದೆ ಗೊತ್ತಾ?

ಪಾವಗಡ_ಕಳ್ಳೆಕಾಯಿ:
ಹೊಡೆಯೋಕಲ್ಲ ಸಾ, ಸದ್ದಿಗೆ. ಚರೆ ಗುಂಡು ಹಾಕೇ ಇಲ್ಲ, ಬರೀ ಮದ್ದು. ಎಲೆಕ್ಷನ್ ಅಂತ ಠಾಣೇಲಿ ಡಿಪಾಸಿಟ್ ಮಾಡಿದ್ದು ಈಗ ಬಂತು. ತುಕ್ಕು ಹಿಡೀದಿರ್ಲಿ ಅಂತ ಕೊಡೋ ಮುಂಚೆ ನಳಿಗೆ ತುಂಬ ಇಂಜಿನ್ ಆಯಿಲ್ ಬಿಟ್ಟಿದ್ದೆ. ಅದೆಲ್ಲ ಯಾಕೆ ಈಗ?

ಚಿಂತಾಮಣಿ_ಟೊಮೇಟೊ:
ಅಯ್ಯೋ, ಅದೇ ರೀ! ಗೋಡೆಗೆ ಒರಗಿಸಿಟ್ಟಿದ್ದಾಗ ಆಯಿಲ್ ಎಲ್ಲಾ ತಳಕ್ಕಿಳಿದಿದೆ. ಹಳೇ ಮಸಿ ಜೊತೆ ಸೇರಿ ಡಾಂಬರಿನಂಥ ಅಂಟಾಗಿ ಕಿಡಿ ದಾರಿ ಮುಚ್ಚಿದೆ, ನಿಮ್ಮ ಹೊಸ ಮದ್ದೂ ನೆಂದಿದೆ.

ಈಡು ಇನ್ನೂ ಒಳಗೇ ಇದೆ, ನಳಿಗೆ ಬಾಯಿಗೆ ಮುಖ ಕೊಡ್ಬೇಡಿ. ಕೇಪು ಸಿಡಿದೂ ಹಾರದಿದ್ರೆ ಒಂದು ನಿಮಿಷ ಬಯಲ ಕಡೆಗೇ ಹಿಡಿದಿರಿ, ತಡವಾಗಿ ಹಾರಿದ್ರೂ ಹಾರೀತು. ಆಮೇಲೆ ನೀರು ಬಿಟ್ಟು ಮದ್ದು ಚೆನ್ನಾಗಿ ನೆನೆಸಿ, ಈಡು ತೆಗೀರಿ, ನಿಪ್ಪಲ್ ಬಿಚ್ಚಿ. ಮಸಿ ಆಯಿಲ್‌ಗೆ ಬಗ್ಗಲ್ಲ, ಬಿಸಿನೀರು ಸೋಪಿಗೇ ಹೋಗೋದು. ಪೂರ್ತಿ ಒಣಗಿಸಿ. ಮದ್ದು ಹಾಕೋ ಮುಂಚೆ, ಖಾಲಿ ಅಂತ ಖಾತ್ರಿ ಮಾಡ್ಕೊಂಡು, ನಳಿಗೆ ಬಾಯನ್ನ ನೆಲದ ಮೇಲಿನ ಒಣ ಎಲೆ ಹತ್ರ ಹಿಡಿದು ಬರೀ ಕೇಪು ಹೊಡೀರಿ. ಎಲೆ ಅಲ್ಲಾಡಿದ್ರೆ ದಾರಿ ತೆರೆದಿದೆ ಅಂತ.

ಪಾವಗಡ_ಕಳ್ಳೆಕಾಯಿ:
ನಿಪ್ಪಲ್ ಸ್ಪ್ಯಾನರ್ ಇಲ್ಲ. ಕಟಿಂಗ್ ಪ್ಲೇಯರ್ ಹಾಕಿದ್ರೆ ಮೂಲೆ ಸವೀತಿದೆ. ಗ್ಯಾಸ್ ಟಾರ್ಚಲ್ಲಿ ಕಾಯಿಸ್ಲಾ?

ಚಿಂತಾಮಣಿ_ಟೊಮೇಟೊ:
ಒಳಗೆ ಮದ್ದು ಇಟ್ಕೊಂಡು ಬೆಂಕೀನಾ?! ಮುಟ್ಬೇಡಿ. ನೀರು ಬಿಟ್ಟು ಹಂಗೇ ಇಡಿ, ಬಂದೂಕು ರಿಪೇರಿ ಲೈಸೆನ್ಸ್ ಇರೋರಿಗೆ ಫೋನ್ ಮಾಡಿ ಈಡು ಒಳಗಿದೆ ಅಂತ ಮೊದಲೇ ಹೇಳಿ.

ಸಿರಾ_ಗಜಕಡ್ಡಿ:
ಪ್ಲೇಯರ್ ಹಾಕೋರ ಕೈಗೆ ಬಂದೂಕು ಯಾರ್ ಕೊಟ್ರೋ.

ಕೋಲಾರ_ಟಾರ್ಗೆಟ್:
ಆ ಪುಟ್ಟ ರಿವಾಲ್ವರ್ ಫೋಟೋ ಯಾರಿಗಾದ್ರೂ ಬೇಕಾ?